ಒಂಬತ್ತೂ ತಂಡಗಳಿಗೆ ಬೇಕಾದವನು

ಕೆನಡಿಯನ್ ಫುಟ್‌ಬಾಲ್ ಲೀಗಿನಲ್ಲಿ ಇರುವುದೇ ಒಂಬತ್ತು ತಂಡ. ಕೆವಿನ್ ಗ್ಲೆನ್ ಎಂಬ ಕ್ವಾರ್ಟರ್‌ಬ್ಯಾಕ್ 2001ರಿಂದ 2018ರ ತನಕ 18 ಸೀಸನ್ ಕಳೆಯುವಷ್ಟರಲ್ಲಿ ಆ ಒಂಬತ್ತೂ ತಂಡಗಳ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿದ್ದ. ಅವನಿಗಿಂತ ಮುಂಚೆ ಯಾರೂ ಹಾಗೆ ಮಾಡಿರಲಿಲ್ಲ. ಎಸೆದ ಪಾಸ್‌ಗಳ ಲೆಕ್ಕ 52 ಸಾವಿರ ಗಜಕ್ಕೂ ಜಾಸ್ತಿ. ಈ ಲೀಗಿನ ಚರಿತ್ರೆಯಲ್ಲೇ ಮೊದಲ ಹತ್ತು ಜನರಲ್ಲಿ ಒಬ್ಬ. ಆದರೆ ಕೈಯಲ್ಲಿ ಒಂದೇ ಒಂದು ಗ್ರೇ ಕಪ್ ಉಂಗುರ, ಅಂದರೆ ಲೀಗಿನ ಫೈನಲ್ ಗೆದ್ದವರು ತೊಡುವ ಉಂಗುರ, ಇಲ್ಲ.

ನಾನು ವಿನ್ನಿಪೆಗ್‌ನಲ್ಲಿ ಇರುವವನು. ಇಲ್ಲಿನ ಕನ್ನಡದವರು ಸೇರಿದರೆ ಮಾತು ಕ್ರಿಕೆಟ್ ಕಡೆಗೇ ಹೊರಳುತ್ತದೆ, ಅದು ಗೊತ್ತಿರುವ ವಿಷಯ. ಆದರೆ ಆಫೀಸಿನ ಊಟದ ಟೇಬಲ್‌ನಲ್ಲಿ ಜೂನ್‌ನಿಂದ ನವೆಂಬರ್ ತನಕ ಊರಿನ ತಂಡ ಬ್ಲೂ ಬಾಂಬರ್ಸ್ ಬಿಟ್ಟರೆ ಬೇರೆ ಮಾತಿಲ್ಲ. ಸುಮ್ನೆ ಕೂತು ತಲೆಯಾಡಿಸಿ ಸಾಕಾಗಿ ಆಟ ನೋಡಲು ಶುರು ಮಾಡಿದೆ. ಆಟದ ಜೊತೆಗೆ ಹಳೆಯ ಕಥೆಗಳೂ ಬಂದವು. ಈ ಊರಿನವರು 2007 ಅಂದ ಕೂಡಲೇ ಒಂದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನ ಹಿಂದೆ ಇರುವವನೇ ಗ್ಲೆನ್.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅಮೆರಿಕದ ಫುಟ್‌ಬಾಲ್‌ಗೆ ಅಣ್ಣತಮ್ಮ. ಅಲ್ಲಿ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಇಲ್ಲಿ ಮೂರೇ. ಮೈದಾನವೂ ದೊಡ್ಡದು, 110 ಗಜ ಉದ್ದ, 65 ಗಜ ಅಗಲ, ಒಂದು ಕಡೆಗೆ 12 ಜನ. ಮೂರನೇ ಡೌನ್‌ನಲ್ಲಿ (ಒಂದೊಂದು ಅವಕಾಶಕ್ಕೂ ಡೌನ್ ಅನ್ನುತ್ತಾರೆ) ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಹಾಗಾಗಿ ನಿಜವಾಗಿ ಸಿಗುವುದು ಎರಡೇ ಅವಕಾಶ. ಮೊದಲನೆಯದು ಕೈಕೊಟ್ಟರೆ ಎರಡನೆಯದರಲ್ಲಿ ಎಸೆಯಲೇಬೇಕು. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಇಡೀ ತಂಡದ ಭಾರ ಅವನ ಭುಜದ ಮೇಲೆ ಬೀಳುವುದು ಇದಕ್ಕೇ.

ಇನ್ನೊಂದು ವಿಷಯ ಇದೆ, ಅದು ಟಿವಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಗ್ಲೆನ್ ಆಡುತ್ತಿದ್ದ ದಿನಗಳಲ್ಲಿ ರೆಫ್ರಿ ಸೀಟಿ ಊದಿದ ಮೇಲೆ 20 ಸೆಕೆಂಡ್‌ನಲ್ಲಿ ಮುಂದಿನ ಆಟ ಶುರುವಾಗಬೇಕಿತ್ತು. ಅಷ್ಟರೊಳಗೆ ಕೋಚ್ ಹೇಳಿದ ಆಟದ, ಅಂದರೆ ಯಾರು ಎಲ್ಲಿ ಓಡಬೇಕು ಅನ್ನುವ ಯೋಜನೆಯ, ಹೆಸರನ್ನು ಕ್ವಾರ್ಟರ್‌ಬ್ಯಾಕ್ ತನ್ನವರಿಗೆ ಹೇಳಬೇಕು, ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಬೇಕು, ಎದುರು ನಿಂತವರನ್ನು ಓದಬೇಕು. ಈ ಆಟಗಳ ಹೆಸರುಗಳು ತಂಡದಿಂದ ತಂಡಕ್ಕೆ ಬೇರೆ. ಒಬ್ಬ ಆಟಗಾರ ಎಂಟು ಗಜ ಓಡಿ ಒಳಗೆ ತಿರುಗುವುದಕ್ಕೆ ಹ್ಯಾಮಿಲ್ಟನ್‌ನಲ್ಲಿ ಒಂದು ಹೆಸರಿದ್ದರೆ ಕ್ಯಾಲ್ಗರಿಯಲ್ಲಿ ಇನ್ನೊಂದು ಇರಬಹುದು. ಊರು ಬದಲಿಸಿದ ಕ್ವಾರ್ಟರ್‌ಬ್ಯಾಕ್ ಇಡೀ ಪುಸ್ತಕವನ್ನು ಹೊಸದಾಗಿ ತಲೆಗೆ ಹಾಕಿಕೊಳ್ಳಬೇಕು, ಹಳೆಯದನ್ನು ಮರೆಯಬೇಕು. ನನ್ನ ಕೇಳಿದರೆ ಈ ಮರೆಯುವ ಕೆಲಸವೇ ಕಷ್ಟದ್ದು. ಗ್ಲೆನ್ ಇದನ್ನು ಮತ್ತೆ ಮತ್ತೆ ಮಾಡಿದ, ಕೆಲವು ಸಲ ಸೀಸನ್ ನಡುವೆಯೇ.

ಅವನು ಹುಟ್ಟಿದ್ದು 1979ರಲ್ಲಿ, ಡೆಟ್ರಾಯಿಟ್‌ನಲ್ಲಿ. ಆ ಊರಿನ ನದಿ ದಂಡೆಯಲ್ಲಿ ನಿಂತರೆ ಆಚೆ ದಡದಲ್ಲಿ ಕಾಣುವುದು ಕೆನಡಾ. ಕಾಲೇಜು ಇಲಿನಾಯ್ ಸ್ಟೇಟ್ ಯೂನಿವರ್ಸಿಟಿ, ಅಂಥ ದೊಡ್ಡ ಫುಟ್‌ಬಾಲ್ ಹೆಸರಲ್ಲ. ಎನ್‌ಎಫ್‌ಎಲ್ (ಅಮೆರಿಕದ ದೊಡ್ಡ ಫುಟ್‌ಬಾಲ್ ಲೀಗ್) ಬಾಗಿಲು ತೆರೆಯದ ಅಲ್ಲಿನ ಹುಡುಗರಿಗೆ ಕೆನಡಾ ಯಾವಾಗಲೂ ಒಂದು ದಾರಿ. ಅದರಲ್ಲೂ ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳಿಗೆ. ಅಮೆರಿಕದ ತಂಡಗಳು ಅವರಿಗೆ ಈ ಜಾಗ ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲೇ, 1972ರಲ್ಲಿ, ಚಕ್ ಈಲಿ ಹ್ಯಾಮಿಲ್ಟನ್‌ಗೆ ಕಪ್ ಗೆದ್ದುಕೊಟ್ಟಿದ್ದ. 1978ರಿಂದ 1982ರ ತನಕ ಎಡ್ಮಂಟನ್ ಸಾಲಾಗಿ ಐದು ಕಪ್ ಗೆದ್ದಾಗ ವಾರೆನ್ ಮೂನ್ ಆ ತಂಡದಲ್ಲಿದ್ದ. ಗ್ಲೆನ್ ಬರುವ ಹೊತ್ತಿಗೆ ಆ ದಾರಿ ಚೆನ್ನಾಗಿ ಸವೆದಿತ್ತು.

2001ರಲ್ಲಿ ಅವನು ಸೇರಿದ್ದು ಸಸ್ಕಾಚೆವಾನ್ ರಫ್‌ರೈಡರ್ಸ್. ಊರು ರೆಜೈನಾ. ಸುತ್ತ ಗೋಧಿ ಹೊಲ, ಕೊರೆಯುವ ಚಳಿ, ಹಸಿರು ಅಂಗಿ ಬಿಟ್ಟು ಬೇರೆ ಬಣ್ಣವೇ ಗೊತ್ತಿಲ್ಲದ ಜನ. ಮೂರು ಸೀಸನ್ ಅಲ್ಲಿ ಕಳೆದ. 2004ರಲ್ಲಿ ಟೊರಾಂಟೊಗೆ ಟ್ರೇಡ್ ಆಯಿತು, ಅಂದರೆ ತಂಡ ಅವನನ್ನು ಕೊಟ್ಟು ಬದಲಿಗೆ ಬೇರೆ ಏನನ್ನೋ ಪಡೆಯಿತು. ಟೊರಾಂಟೊದವರು ಅವನನ್ನು ಇಟ್ಟುಕೊಳ್ಳಲೂ ಇಲ್ಲ, ಬಂದವನನ್ನು ಹಾಗೇ ವಿನ್ನಿಪೆಗ್‌ಗೆ ದಾಟಿಸಿದರು. ಟೊರಾಂಟೊ ಆರ್ಗೊನಾಟ್ಸ್ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಆಡಲಿಲ್ಲ. ಒಂಬತ್ತು ತಂಡ ಅನ್ನುವ ಲೆಕ್ಕದಲ್ಲಿ ಇದೂ ಸೇರಿದೆ. ಆಡಿದ್ದು ಏಳಕ್ಕೇ. ಇನ್ನೊಂದು ಖಾಲಿ ತಂಡದ ಕಥೆ ಆಮೇಲೆ ಬರುತ್ತದೆ.

ವಿನ್ನಿಪೆಗ್‌ನಲ್ಲಿ ಮಾತ್ರ ಅವನು ಬೇರೂರಿದ. 2005ರಲ್ಲಿ ತಂಡ 18 ಪಂದ್ಯಗಳಲ್ಲಿ ಗೆದ್ದಿದ್ದು ಐದೇ. ಆದರೆ ಜಾಗ ಅವನದಾಯಿತು. 2007ಕ್ಕೆ ಬಂದರೆ 5,114 ಗಜ, 25 ಟಚ್‌ಡೌನ್. ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿಗೆ ಪೂರ್ವ ವಿಭಾಗದಿಂದ ಅವನ ಹೆಸರು, ಪಶ್ಚಿಮದಿಂದ ಸಸ್ಕಾಚೆವಾನ್‌ನ ಕೆರ್ರಿ ಜೋಸೆಫ್. ಪ್ರಶಸ್ತಿ ಜೋಸೆಫ್‌ಗೆ ಹೋಯಿತು. ಇರಲಿ, ದೊಡ್ಡದು ಇನ್ನೂ ಮುಂದಿತ್ತು. ನವೆಂಬರ್‌ನಲ್ಲಿ ಟೊರಾಂಟೊಗೆ ಹೋಗಿ, ಅವರದೇ ಮೈದಾನದಲ್ಲಿ, ಪೂರ್ವದ ಫೈನಲ್‌ನಲ್ಲಿ ಅವರನ್ನೇ 19-9ರಿಂದ ಸೋಲಿಸಿದರು. ಗ್ರೇ ಕಪ್‌ಗೆ ಟಿಕೆಟ್ ಸಿಕ್ಕಿತು. ಅದೇ ಪಂದ್ಯದಲ್ಲಿ ಗ್ಲೆನ್‌ನ ಕೈ ಮೂಳೆ ಮುರಿಯಿತು.

ಎಸೆಯುವ ಕೈ ಅಲ್ಲ, ಎಡಗೈ. ಇದನ್ನು ಹೇಳುವಾಗ ಇಲ್ಲಿನವರ ಧ್ವನಿ ಸ್ವಲ್ಪ ಏರುತ್ತದೆ.

ಒಂದು ವಾರದ ನಂತರ ಅದೇ ಟೊರಾಂಟೊದಲ್ಲಿ ಗ್ರೇ ಕಪ್. ಎದುರಿಗೆ ಸಸ್ಕಾಚೆವಾನ್, ಗ್ಲೆನ್ ಶುರು ಮಾಡಿದ ತಂಡ. ವಿನ್ನಿಪೆಗ್ ಪರವಾಗಿ ಇಳಿದದ್ದು ರಯಾನ್ ಡಿನ್‌ವಿಡ್ಡಿ. ಈ ಲೀಗಿನಲ್ಲಿ ಅದು ಅವನು ಶುರುವಿನಿಂದ ಆಡಿದ ಮೊದಲ ಪಂದ್ಯ. ಮೊದಲ ಪಂದ್ಯವೇ ಫೈನಲ್, ಪಾಪ. ಎದುರಾಳಿ ತಂಡದ ಜೇಮ್ಸ್ ಜಾನ್ಸನ್ ಒಬ್ಬನೇ ಅವನ ಮೂರು ಪಾಸ್‌ಗಳನ್ನು ನಡುವೆ ಹಿಡಿದ. ಆದರೂ ಸೋತದ್ದು 23-19ರಿಂದ, ನಾಲ್ಕೇ ಅಂಕ. ಗ್ಲೆನ್ ಇದ್ದಿದ್ದರೆ ಗೆಲ್ಲುತ್ತಿದ್ದರೇ? ನನಗೆ ಗೆಲ್ಲುತ್ತಿದ್ದರು ಅನ್ನಿಸುತ್ತದೆ. ಊರಿನವರನ್ನು ಕೇಳಿದರೆ ಅನ್ನಿಸುವುದು ಗಿನ್ನಿಸುವುದು ಏನೂ ಇಲ್ಲ, ಗೆದ್ದೇ ಗೆಲ್ಲುತ್ತಿದ್ದರು. ಈ ಊರು 1990ರ ನಂತರ ಕಪ್ ನೋಡಿದ್ದು 2019ರಲ್ಲಿ. ಅಷ್ಟು ದಿನ ಕಾದವರ ಬಾಯಲ್ಲಿ 2007 ಬರದೇ ಇರುತ್ತದೆಯೇ.

ಇಲ್ಲಿ ಕೆರ್ರಿ ಜೋಸೆಫ್ ಬಗ್ಗೆ ಒಂದು ಮಾತು. ಅತ್ಯುತ್ತಮ ಆಟಗಾರ ಪ್ರಶಸ್ತಿ ತಗೊಂಡ, ಗ್ರೇ ಕಪ್ ಗೆದ್ದ, ಸಸ್ಕಾಚೆವಾನ್ ಜನ ತಲೆ ಮೇಲೆ ಹೊತ್ತು ಮೆರೆಸಿದರು. ಮುಂದಿನ ಮಾರ್ಚ್‌ನಲ್ಲಿ ಅವನನ್ನೇ ಟೊರಾಂಟೊಗೆ ಟ್ರೇಡ್ ಮಾಡಿದರು! ಕಾರಣ ದೊಡ್ಡ ರಹಸ್ಯವೇನಲ್ಲ. 2007ರಲ್ಲಿ ಲೀಗ್ ಒಂದು ತಂಡದ ಒಟ್ಟು ಸಂಬಳಕ್ಕೆ 40.5 ಲಕ್ಷ ಕೆನಡಿಯನ್ ಡಾಲರ್ ಮಿತಿ ಹಾಕಿತ್ತು. ಕಪ್ ಗೆದ್ದ ಕ್ವಾರ್ಟರ್‌ಬ್ಯಾಕ್ ದುಬಾರಿಯಾಗುತ್ತಾನೆ. ದುಬಾರಿಯಾದವನು ಹೊರೆಯಾಗುತ್ತಾನೆ. ಇದೇ ಜೋಸೆಫ್ 2014ರಲ್ಲಿ, 41ನೇ ವಯಸ್ಸಿನಲ್ಲಿ, ಗಾಯಾಳುಗಳಿಂದ ಸೊರಗಿದ್ದ ಸಸ್ಕಾಚೆವಾನ್‌ಗೆ ಮತ್ತೆ ಬಂದು ಆಡಿದ. ಹಾಗಾಗಿ ಊರೂರು ತಿರುಗುವುದು ಈ ಲೀಗಿನಲ್ಲಿ ಅವಮಾನ ಅಲ್ಲ, ಅದು ಕೆಲಸದ ಸ್ವಭಾವ. ಒಪ್ಪಂದ ಮೂರು ವರ್ಷದ್ದು ಅಂತ ಕಾಗದದಲ್ಲಿ ಇರಬಹುದು, ತಂಡ ಬೇಡ ಅಂದ ದಿನ ಅದು ಮುಗಿದ ಹಾಗೆಯೇ.

ಗ್ಲೆನ್‌ಗೂ ಆ ದಿನ ಬಂತು. 2008 ಸಾಧಾರಣವಾಗಿ ಹೋಯಿತು, ವಿನ್ನಿಪೆಗ್‌ಗೆ ಹೊಸ ಕೋಚ್ ಬಂದರು, 2009ರ ಸೀಸನ್‌ಗೆ ಮುಂಚೆಯೇ ಅವನನ್ನು ಕೈಬಿಟ್ಟರು. ಹ್ಯಾಮಿಲ್ಟನ್ ಕರೆಯಿತು, ಬ್ಯಾಕಪ್ ಅಂತ. ಹಿಂದಿನ ವರ್ಷ ಮೂರು ಗೆದ್ದು 15 ಸೋತಿದ್ದ ತಂಡ ಅದು. ಸೀಸನ್ ನಡುವೆ ಅವನಿಗೆ ಜಾಗ ಸಿಕ್ಕಿತು, ವರ್ಷದ ಕೊನೆಗೆ ಒಂಬತ್ತು ಗೆಲುವು. 2010ರಲ್ಲಿ ಮತ್ತೆ 5,000 ಗಜ ದಾಟಿದ. 2011ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ಗೆ ಹೋಗಿ, ಅಲ್ಲಿನ ಕ್ವಾರ್ಟರ್‌ಬ್ಯಾಕ್ ಆಂಥನಿ ಕಲ್ವಿಯೋ ಎದುರು, ಹೆಚ್ಚುವರಿ ಸಮಯದಲ್ಲಿ 52-44 ಅಂತ ಗೆದ್ದು ಬಂದರು. ಜನವರಿಯಲ್ಲಿ ಅವನನ್ನು ಕ್ಯಾಲ್ಗರಿಗೆ ಕಳಿಸಿ, ಅಲ್ಲಿಂದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಹೆನ್ರಿ ಬರ್ರಿಸ್‌ನನ್ನು ತಂದುಕೊಂಡರು.

ಈ ಬರ್ರಿಸ್ ಹೆಸರನ್ನು ನೆನಪಿಟ್ಟುಕೊಳ್ಳಿ. ಗ್ಲೆನ್‌ನ ಬದುಕಿನಲ್ಲಿ ಅವನು ಮತ್ತೆ ಮತ್ತೆ ಬರುತ್ತಾನೆ.

ಕ್ಯಾಲ್ಗರಿಯವರು ಗ್ಲೆನ್‌ನನ್ನು ತಂದದ್ದೂ ಮೊದಲ ಆಯ್ಕೆಗಲ್ಲ. ಅವರ ಮನಸ್ಸಿನಲ್ಲಿ ಇದ್ದವನು ಡ್ರೂ ಟೇಟ್. ಟೇಟ್‌ಗೆ ಶುರುವಿನಲ್ಲೇ ಪೆಟ್ಟಾಯಿತು, ಗ್ಲೆನ್ ಆಡಿದ, ತಂಡ 18ರಲ್ಲಿ 12 ಗೆದ್ದಿತು. ಪ್ಲೇಆಫ್ ಹೊತ್ತಿಗೆ ಟೇಟ್ ವಾಸಿಯಾದ. ಆಗ ಏನಾಯಿತು ಗೊತ್ತಾ? ಸೆಮಿಫೈನಲ್‌ಗೆ ಟೇಟ್‌ನನ್ನೇ ಇಳಿಸಿದರು. ವರ್ಷವಿಡೀ ಗಾಡಿ ಎಳೆದವನನ್ನು ಬದಿಗೆ ಕೂರಿಸಿದರು. ಆ ಪಂದ್ಯದಲ್ಲಿ ಟೇಟ್‌ನ ಕೈ ಮುರಿಯಿತು, ಮತ್ತೆ ಗ್ಲೆನ್. ವ್ಯಾಂಕೂವರ್‌ಗೆ ಹೋಗಿ ಬಿಸಿ (ಬ್ರಿಟಿಷ್ ಕೊಲಂಬಿಯಾ) ಲಯನ್ಸ್ ವಿರುದ್ಧ 34-29ರಿಂದ ಪಶ್ಚಿಮದ ಫೈನಲ್ ಗೆದ್ದು ಬಂದ. 2007ರಲ್ಲಿ ತನ್ನ ಕೈ ಮುರಿದು ಬೇರೆಯವನು ಫೈನಲ್ ಆಡಿದ, 2012ರಲ್ಲಿ ಬೇರೆಯವನ ಕೈ ಮುರಿದು ತಾನು ಆಡಿದ.

ಅದು ನೂರನೇ ಗ್ರೇ ಕಪ್. ಟೊರಾಂಟೊದ ರೋಜರ್ಸ್ ಸೆಂಟರ್, 53 ಸಾವಿರ ಜನ, ವಿರಾಮದಲ್ಲಿ ಹಾಡಲು ಬಂದ ಜಸ್ಟಿನ್ ಬೀಬರ್‌ಗೆ ಅವನದೇ ದೇಶದ ಜನ ಕೂಗಾಡಿ ಬೈದ ರಾತ್ರಿ. ಎದುರಿಗೆ ಆತಿಥೇಯ ಆರ್ಗೊನಾಟ್ಸ್, ಅವರ ಕ್ವಾರ್ಟರ್‌ಬ್ಯಾಕ್ ರಿಕಿ ರೇ. ಕ್ಯಾಲ್ಗರಿ 35-22ರಿಂದ ಸೋತಿತು. ಗ್ಲೆನ್ ಆ ದಿನ ಚೆನ್ನಾಗಿ ಆಡಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಅವನು ಎಸೆದ ಒಂದು ಪಾಸ್‌ ಎದುರಾಳಿಯ ಕೈಸೇರಿ ನೇರ ಟಚ್‌ಡೌನ್ ಆಯಿತು. ದುರದೃಷ್ಟ ಅಂತ ಹೇಳಿ ಎಲ್ಲವನ್ನೂ ತೇಲಿಸಿಬಿಡುವುದು ಸುಲಭ, ಆದರೆ ಇವನ ವಿಷಯದಲ್ಲಿ ಅದು ಪೂರ್ತಿ ನಿಜ ಅಲ್ಲ. 2007 ದುರದೃಷ್ಟ. 2012 ಅಲ್ಲ. ಮುಂದಿನ ವರ್ಷ ಕ್ಯಾಲ್ಗರಿ 14 ಪಂದ್ಯ ಗೆದ್ದು ತಮ್ಮದೇ ಮೈದಾನದಲ್ಲಿ ಸಸ್ಕಾಚೆವಾನ್‌ಗೆ 35-13ರಿಂದ ಶರಣಾದದ್ದೂ ಅಲ್ಲ. ತುಂಬಾ ಒಳ್ಳೆಯ ಆಟಗಾರ, ಆದರೆ ದೊಡ್ಡ ರಾತ್ರಿಗಳಲ್ಲಿ ಸ್ವಲ್ಪ ಕಡಿಮೆ ಬೀಳುತ್ತಿದ್ದ. ನೋಡಿದವರು ಇದನ್ನು ಒಪ್ಪುತ್ತಾರೆ.

2013ರ ಡಿಸೆಂಬರ್‌ನಲ್ಲಿ ಲೀಗಿನ ಒಂಬತ್ತನೇ ತಂಡಕ್ಕೆ ಆಟಗಾರರ ಆಯ್ಕೆ ನಡೆಯಿತು, ಮುಂದಿನ ವರ್ಷದಿಂದ ಆಡಲಿದ್ದ ಒಟ್ಟಾವಾ ರೆಡ್‌ಬ್ಲ್ಯಾಕ್ಸ್. ಹೊಸ ತಂಡ ಕಟ್ಟಲು ಉಳಿದ ಎಂಟು ತಂಡಗಳು ತಲಾ ಮೂವರನ್ನು ಬಿಟ್ಟುಕೊಡಬೇಕಿತ್ತು. ಕ್ಯಾಲ್ಗರಿಯಿಂದ ಒಟ್ಟಾವಾ ಎತ್ತಿಕೊಂಡದ್ದು ಗ್ಲೆನ್‌ನನ್ನು. ಹೊಸ ಊರು, ಹೊಸ ತಂಡ, ಕೊನೆಗೂ ತಾನೇ ಮೊದಲ ಆಯ್ಕೆ. ಆ ಖುಷಿ ಹೆಚ್ಚು ದಿನ ಇರಲಿಲ್ಲ. ಹ್ಯಾಮಿಲ್ಟನ್‌ನವರು ಜ್ಯಾಕ್ ಕೊಲಾರೊಸ್ ಎಂಬ ಹುಡುಗನನ್ನು ತಂದು ಬರ್ರಿಸ್‌ನನ್ನು ಕೈಬಿಟ್ಟರು. ಬರ್ರಿಸ್ ನೇರವಾಗಿ ಒಟ್ಟಾವಾಗೆ ಬಂದ. ಗ್ಲೆನ್ ನನ್ನನ್ನು ಬೇರೆ ಕಡೆ ಕಳಿಸಿ ಅಂದ. ಮೇ ತಿಂಗಳಲ್ಲಿ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ದಿನ, ಐದನೇ ಆಯ್ಕೆಯ ಸರದಿಗೆ ಬದಲಾಗಿ ಬಿಸಿ ಲಯನ್ಸ್‌ಗೆ ಹೋದ. ಒಟ್ಟಾವಾ ಪರವಾಗಿಯೂ ಒಂದೂ ಪಂದ್ಯ ಇಲ್ಲ.

ಬರ್ರಿಸ್ 2015ರಲ್ಲಿ ಒಟ್ಟಾವಾದಲ್ಲಿ ಅತ್ಯುತ್ತಮ ಆಟಗಾರನಾದ. 2016ರಲ್ಲಿ, 41ನೇ ವಯಸ್ಸಿನಲ್ಲಿ, ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ಆಮೇಲೆ ಇಳಿದು, ಹೆಚ್ಚುವರಿ ಸಮಯದಲ್ಲಿ 39-33ರಿಂದ ಗ್ರೇ ಕಪ್ ಗೆದ್ದು, ಆ ಪಂದ್ಯದ ಶ್ರೇಷ್ಠ ಆಟಗಾರನೂ ಆಗಿ ಆಟ ಬಿಟ್ಟ. ಸೋಲಿಸಿದ್ದು ಯಾರನ್ನು? ಕ್ಯಾಲ್ಗರಿಯನ್ನು. ಇದನ್ನೆಲ್ಲ ಗ್ಲೆನ್ ಹೇಗೆ ನೋಡಿದನೋ. ಆ ವರ್ಷ ಅವನು ಮಾಂಟ್ರಿಯಲ್‌ನಲ್ಲಿ ಶುರು ಮಾಡಿ ವಿನ್ನಿಪೆಗ್‌ನಲ್ಲಿ ಮುಗಿಸಿದ್ದ.

ನಡುವಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅವು ಒಂದೇ ಥರ. ಬಿಸಿ ಲಯನ್ಸ್‌ನಲ್ಲಿ ಟ್ರಾವಿಸ್ ಲುಲೇ ಗಾಯಾಳು, ಗ್ಲೆನ್ ಆಡಿದ. 2015ರಲ್ಲಿ ಸಸ್ಕಾಚೆವಾನ್, ಮೊದಲ ಪಂದ್ಯದಲ್ಲೇ ಡೇರಿಯನ್ ಡ್ಯುರಾಂಟ್‌ನ ಹಿಮ್ಮಡಿ ನರ ಹರಿಯಿತು, ಗ್ಲೆನ್ ಆಡಿದ. ಆ ವರ್ಷ ತಂಡ ಗೆದ್ದದ್ದು ಮೂರೇ, ಅಕ್ಟೋಬರ್‌ನಲ್ಲಿ ಅವನನ್ನು ಮಾಂಟ್ರಿಯಲ್‌ಗೆ ಕಳಿಸಿದರು. ಪ್ರತಿ ಸಲವೂ ಕಥೆ ಇಷ್ಟೇ: ಬೇರೊಬ್ಬನ ಸುತ್ತ ತಂಡ ಕಟ್ಟಿರುತ್ತಾರೆ, ಅವನಿಗೆ ಏನಾದರೂ ಆದರೆ ಇರಲಿ ಅಂತ ಗ್ಲೆನ್. ಏನಾದರೂ ಆಗಿಯೇ ಆಗುತ್ತದೆ. ಅವನು ಮನೆಯಲ್ಲಿಟ್ಟ ಸ್ಟೆಪ್ನಿ ಚಕ್ರದ ಹಾಗೆ. ವ್ಯತ್ಯಾಸ ಏನೆಂದರೆ, ಈ ಸ್ಟೆಪ್ನಿ ಮೇಲೆ ಗಾಡಿ ಅರ್ಧ ದೇಶ ಓಡಿದೆ.

ಇಲ್ಲೇ ನನಗೆ ಕುತೂಹಲ. ಒಂಬತ್ತು ತಂಡ ಕೈಬಿಟ್ಟವನು ಅಂತ ಅವನನ್ನು ನೋಡಬಹುದು, ಒಂಬತ್ತು ತಂಡ ಕರೆದವನು ಅಂತಲೂ ನೋಡಬಹುದು. ಎರಡೂ ಒಂದೇ ಲೆಕ್ಕ. ಕರೆದವರು ಯಾರೂ ಸುಮ್ನೆ ಕರೆಯಲಿಲ್ಲ. ವಾರದೊಳಗೆ ಹೊಸ ಪುಸ್ತಕ ಕಲಿತು, ಹೆಸರೂ ಸರಿಯಾಗಿ ಗೊತ್ತಿಲ್ಲದವರಿಗೆ ಚೆಂಡು ಎಸೆದು, ತಂಡದೊಳಗೆ ಗುಂಪು ಕಟ್ಟದೆ, ಹುಡುಗನೊಬ್ಬ ತನ್ನ ಜಾಗಕ್ಕೆ ತಯಾರಾಗುತ್ತಿರುವುದು ಕಣ್ಣೆದುರೇ ಇದ್ದರೂ ಅವನಿಗೆ ಹೇಳಿಕೊಡುವವನು ಬೇಕಿತ್ತು. ಕ್ಯಾಲ್ಗರಿಯಲ್ಲಿ ಅಂಥ ಒಬ್ಬ ಹುಡುಗ ಬೋ ಲೆವೈ ಮಿಚೆಲ್. ಗ್ಲೆನ್ ಹೋದ ಮರುವರ್ಷವೇ, 2014ರಲ್ಲಿ, ಮಿಚೆಲ್ ಕ್ಯಾಲ್ಗರಿಗೆ ಕಪ್ ಗೆದ್ದುಕೊಟ್ಟ.

ಊಟದ ಟೇಬಲ್‌ನಲ್ಲಿ ನಾನೊಮ್ಮೆ ಆರನ್ ಫಿಂಚ್ ವಿಷಯ ತೆಗೆದೆ. ಐಪಿಎಲ್‌ನಲ್ಲಿ ಅವನೂ ಒಂಬತ್ತು ತಂಡಗಳಿಗೆ ಆಡಿದ್ದಾನೆ ಅಂದೆ. ಯಾರಿಗೂ ಫಿಂಚ್ ಯಾರು ಅಂತ ಗೊತ್ತಿಲ್ಲ, ಆ ಮಾತು ಬೇರೆ. ಆದರೆ ಆಮೇಲೆ ಯೋಚಿಸಿದರೆ ಎರಡೂ ಒಂದೇ ಅಲ್ಲ. ಫಿಂಚ್‌ಗೆ ಐಪಿಎಲ್ ವರ್ಷಕ್ಕೆ ಎರಡು ತಿಂಗಳ ಕೆಲಸ, ಮನೆಗೆ ಹೋದರೆ ಆಸ್ಟ್ರೇಲಿಯಾ ತಂಡ ಇತ್ತು. ಗ್ಲೆನ್‌ಗೆ ಇದೇ ಮನೆ, ಇದೇ ಸಂಸಾರ ನಡೆಸುವ ಸಂಬಳ. ಇಲ್ಲಿನ ಅಮೆರಿಕದ ಆಟಗಾರರು ಸೀಸನ್ ಬಂದಾಗ ಸಾಮಾನು ಸಮೇತ ಇರುವ ಬಾಡಿಗೆ ಮನೆ ಹಿಡಿದು, ನವೆಂಬರ್ ಮುಗಿದರೆ ಖಾಲಿ ಮಾಡಿ ಹೋಗುವುದು ಮಾಮೂಲು. ಅಕ್ಟೋಬರ್‌ನಲ್ಲಿ ಟ್ರೇಡ್ ಆದರೆ ಆ ಮನೆಯ ಗತಿ ಏನು, ಮಕ್ಕಳ ಶಾಲೆ ಏನು? ಕೆಲಸದ ಮೇಲೆ ಊರು ಬಿಟ್ಟು ಊರು ಬಂದ ನಮ್ಮಂಥವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ ಅನ್ನಿ.

2017ರಲ್ಲಿ ಅವನು ಮೂರನೇ ಸಲ ಸಸ್ಕಾಚೆವಾನ್‌ಗೆ ಬಂದ, 38ನೇ ವಯಸ್ಸು. ಡ್ಯುರಾಂಟ್ ಮಾಂಟ್ರಿಯಲ್‌ಗೆ ಹೋಗಿಯಾಗಿತ್ತು. ರೆಜೈನಾದಲ್ಲಿ ಹೊಸ ಮೊಸಾಯಿಕ್ ಸ್ಟೇಡಿಯಂ ಶುರುವಾದ ವರ್ಷ ಅದು. ಹೊಸ ಮೈದಾನಕ್ಕೆ ಹಳೆಯ ಕ್ವಾರ್ಟರ್‌ಬ್ಯಾಕ್. 4,000 ಗಜ ದಾಟಿದ, ತಂಡವನ್ನು ಪೂರ್ವದ ಫೈನಲ್ ತನಕ ಒಯ್ದ. ಪಶ್ಚಿಮದ ತಂಡ ಪೂರ್ವದಲ್ಲಿ ಆಡಿದ್ದು ಹೇಗೆ ಅಂತ ಕೇಳಬೇಡಿ, ಅದಕ್ಕೊಂದು ನಿಯಮ ಇದೆ. ಎದುರಿಗೆ ಮತ್ತೆ ಟೊರಾಂಟೊ, ಮತ್ತೆ ರಿಕಿ ರೇ. ಗ್ಲೆನ್ ಎಡವಿದ, ಅವನನ್ನು ಹೊರಗೆ ಕರೆದು ಬ್ರ್ಯಾಂಡನ್ ಬ್ರಿಡ್ಜ್‌ನನ್ನು ಇಳಿಸಿದರು. ತಂಡ ಸಾವರಿಸಿಕೊಂಡು ಮುಂದೆಯೂ ಬಂತು. ಕೊನೆಯ ಕ್ಷಣಗಳಲ್ಲಿ ಟೊರಾಂಟೊದ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಕೋಡಿ ಫಜಾರ್ಡೊ ಒಂದು ಗಜ ನುಗ್ಗಿ ಟಚ್‌ಡೌನ್ ಮಾಡಿದ. 25-21. ಟೊರಾಂಟೊ ಮುಂದಿನ ವಾರ ಕಪ್ಪನ್ನೂ ಗೆದ್ದಿತು.

2018ರಲ್ಲಿ ಎಡ್ಮಂಟನ್ ಅವನಿಗೆ ಸಹಿ ಹಾಕಿಸಿತು, ಮೈಕ್ ರೈಲಿಯ ಹಿಂದೆ ಬ್ಯಾಕಪ್. ಅಲ್ಲಿಗೆ ಒಂಬತ್ತು ಪೂರ್ತಿ. ಆ ವರ್ಷದ ಗ್ರೇ ಕಪ್ ನಡೆದದ್ದು ಎಡ್ಮಂಟನ್‌ನಲ್ಲೇ. ಎಡ್ಮಂಟನ್ ತಂಡ ಪ್ಲೇಆಫ್‌ಗೂ ಬರಲಿಲ್ಲ.

ಹಾಗಾದರೆ ತಿರುಗಿದವರಿಗೆಲ್ಲ ಹೀಗೆಯೇ ಆಗುತ್ತದೆಯೇ ಅಂದರೆ, ಇಲ್ಲ. ಬರ್ರಿಸ್ ಹ್ಯಾಮಿಲ್ಟನ್‌ ಬಿಡಲು ಕಾರಣನಾದ ಆ ಕೊಲಾರೊಸ್‌ನ ಕಥೆ ನೋಡಿ. 2019ರಲ್ಲಿ ಅವನು ಸಸ್ಕಾಚೆವಾನ್‌ನಲ್ಲಿ ಸೀಸನ್ ಶುರು ಮಾಡಿದ, ಮೊದಲ ಪಂದ್ಯದಲ್ಲೇ ತಲೆಗೆ ಪೆಟ್ಟು. ಟೊರಾಂಟೊಗೆ ಟ್ರೇಡ್ ಆದ, ಅಲ್ಲಿ ಆಡಲಿಲ್ಲ. ಅಕ್ಟೋಬರ್‌ನಲ್ಲಿ ಟ್ರೇಡ್ ಬಾಗಿಲು ಮುಚ್ಚುವ ಹೊತ್ತಿಗೆ ವಿನ್ನಿಪೆಗ್‌ಗೆ ಬಂದ. ಒಂದೇ ವರ್ಷ ಮೂರನೇ ತಂಡ. ಆಗ ಯಾರಾದರೂ ಅವನ ಮೇಲೆ ಪಂದ್ಯ ಕಟ್ಟುತ್ತಿದ್ದರೇ? ನವೆಂಬರ್‌ನಲ್ಲಿ ಹ್ಯಾಮಿಲ್ಟನ್‌ನನ್ನು 33-12ರಿಂದ ಸೋಲಿಸಿ ಈ ಊರಿನ 29 ವರ್ಷದ ಬರ ಕಳೆದ. 2021ರಲ್ಲಿ ಇನ್ನೊಂದು ಕಪ್, 2021 ಮತ್ತು 2022ರಲ್ಲಿ ಅತ್ಯುತ್ತಮ ಆಟಗಾರ. ವಿನ್ನಿಪೆಗ್ ಅವನನ್ನು ಇಟ್ಟುಕೊಂಡಿತು, ಅವನ ಸುತ್ತ ತಂಡ ಕಟ್ಟಿತು. ಗ್ಲೆನ್‌ಗೂ ಇದೇ ಊರಿನಲ್ಲಿ ಅದು ಆಗಬಹುದಿತ್ತು. 2007ರ ಆ ಎಡಗೈ ಸರಿಯಾಗಿದ್ದಿದ್ದರೆ ಅವನ ಪಟ್ಟಿಯಲ್ಲಿ ಉಳಿದ ಊರುಗಳು ಬರುತ್ತಲೇ ಇರಲಿಲ್ಲವೇನೋ.

ಮತ್ತೆ ಆ ಡಿನ್‌ವಿಡ್ಡಿ? ಗ್ಲೆನ್ ಬದಲಿಗೆ 2007ರ ಫೈನಲ್ ಆಡಿ ಸೋತ ಹುಡುಗ? ಅವನು ಈಗ ಕೋಚ್. ಟೊರಾಂಟೊ ತಂಡಕ್ಕೆ 2022ರಲ್ಲಿ ಮತ್ತು 2024ರಲ್ಲಿ ಗ್ರೇ ಕಪ್ ಗೆದ್ದುಕೊಟ್ಟ. ಎರಡು ಸಲವೂ ಎದುರಾಳಿ ವಿನ್ನಿಪೆಗ್. ಮೊದಲನೆಯದು 24-23, ಒಂದೇ ಅಂಕದಿಂದ. ನಮ್ಮ ಊಟದ ಟೇಬಲ್‌ನಲ್ಲಿ ಈ ವಿಷಯ ಎತ್ತುವುದು ಬೇಡ ಅಂತ ಎಲ್ಲರೂ ಮಾತಾಡದೇ ಒಪ್ಪಿಕೊಂಡಿದ್ದೇವೆ.

ಗ್ಲೆನ್‌ನ ದಾಖಲೆಗೆ ಯಾರಾದರೂ ಬಂದು ಸೇರುತ್ತಾರೆಯೇ ಅನ್ನುವುದು ಇಲ್ಲಿ ಆಗಾಗ ಬರುವ ತಮಾಷೆ. ನನ್ನ ಕಣ್ಣು ಫಜಾರ್ಡೊ ಮೇಲಿದೆ. ಟೊರಾಂಟೊ, ಬಿಸಿ, ಸಸ್ಕಾಚೆವಾನ್, ಮಾಂಟ್ರಿಯಲ್ ಮುಗಿಸಿ 2025ರಲ್ಲಿ ಎಡ್ಮಂಟನ್‌ಗೆ ಹೋದ, ಐದನೆಯದು. 2023ರಲ್ಲಿ ಮಾಂಟ್ರಿಯಲ್‌ಗೆ ಕಪ್ ಗೆದ್ದುಕೊಟ್ಟವನು ಅವನೇ, ಆ ಫೈನಲ್‌ನ ಶ್ರೇಷ್ಠ ಆಟಗಾರನೂ ಅವನೇ, ಆದರೂ ಎರಡನೇ ವರ್ಷ ಮುಗಿಯುತ್ತಿದ್ದಂತೆ ಟ್ರೇಡ್ ಆಯಿತು. ಇನ್ನು ನಾಲ್ಕು ಊರು ಬಾಕಿ. ಗ್ಲೆನ್‌ಗಿಂತ ಒಂದು ಅನುಕೂಲ ಇದೆ, ಉಂಗುರ ಆಗಲೇ ಜೇಬಿನಲ್ಲಿದೆ.